ಕೆಮ್ಮಿಲ್ಲದ ಟಿಬಿ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ವಿಶ್ವ ಟಿಬಿ (ಕ್ಷಯ) ದಿನವಾದ ಮಾರ್ಚ್ 24 ಬಂತೆಂದರೆ ನಿಮ್ಮ ಪತ್ರಿಕೆಯೂ ಸೇರಿ ಎಲ್ಲ ಕಡೆ ಒಂದೇ ಮಾತು, ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅಂತ. ತಪ್ಪೇನಿಲ್ಲ. ಆದರೆ ಮಕ್ಕಳ ಮೂಳೆಗೆ, ಚರ್ಮಕ್ಕೆ ಬರುವ ಟಿಬಿಯಲ್ಲಿ ಎಷ್ಟೋ ಸಲ ಕೆಮ್ಮೇ ಇರುವುದಿಲ್ಲ, ಎದೆಯ ಎಕ್ಸ್‌-ರೇಯಲ್ಲೂ ಏನೂ ಕಾಣದೆ ಇರಬಹುದು.

ನಮ್ಮ ಬೀದಿಯ ಮಗುವೊಂದು ಕುಂಟುತ್ತಿತ್ತು. ಎಲ್ಲೋ ಬಿದ್ದಿರಬೇಕು ಅಂದರು, ಎಣ್ಣೆ ತಿಕ್ಕಿದರು, ಕಟ್ಟು ಕಟ್ಟಿಸಿದರು, ನೋವಿನ ಮಾತ್ರೆ ನುಂಗಿಸಿದರು, ಸೊಂಟದ ಕೀಲಿಗೆ ಟಿಬಿ ಆಗಿದೆ ಅಂತ ಗೊತ್ತಾಗುವ ಹೊತ್ತಿಗೆ ಕೀಲು ಹಾಳಾಗಿತ್ತು. ಯಾರನ್ನ ಬೈಯೋದು? ಆ ತಾಯಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮೂಳೆ ಟಿಬಿಯಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಯದ್ದು. ಅದು ಬಂದ ಮಗು ಕೆಳಗೆ ಬಿದ್ದ ಚೆಂಡನ್ನು ಬಗ್ಗಿ ಎತ್ತುವುದಿಲ್ಲ, ಬೆನ್ನು ನೆಟ್ಟಗಿಟ್ಟುಕೊಂಡೇ ಕುಕ್ಕರಗಾಲಲ್ಲಿ ಕೂತು ಎತ್ತುತ್ತದೆ. ರಾತ್ರಿ ನಿದ್ದೆಯಲ್ಲಿ ನೋವಿಗೆ ಚೀರಿ ಏಳುತ್ತದೆ. ತಡವಾದರೆ ಗೂನು ಬರಬಹುದು, ಕಾಲಿನ ಬಲವೇ ಹೋಗಬಹುದು. ಚರ್ಮದ್ದು ಇನ್ನೊಂದು ಥರ: ಕತ್ತಿನ ಗಂಟು ಊದಿ, ಒಡೆದು, ಕೀವು ಸೋರುತ್ತಲೇ ಇರುತ್ತದೆ, ಹುಣ್ಣು ಮಾಯುವುದಿಲ್ಲ. ಹಿರಿಯರು ಗಂಡಮಾಲೆ ಅನ್ನುತ್ತಿದ್ದರಲ್ಲ, ಅದರಲ್ಲಿ ಹೆಚ್ಚಿನವು ಇವೇ. ಲೇಪ, ಮುಲಾಮು ಅಂತ ತಿಂಗಳುಗಟ್ಟಲೆ ಸುಮ್ನೆ ಕಳೆದುಹೋಗುತ್ತದೆ.

ಟಿಬಿಗೆಂದು ಬಿಸಿಜಿ ಲಸಿಕೆ ಹಾಕಿಸಿದ್ದೇವಲ್ಲ ಅನ್ನುವವರೂ ಇದ್ದಾರೆ. ಮಿದುಳಿಗೆ ಬರುವಂಥ ತೀವ್ರ ಟಿಬಿಯಿಂದ ಅದು ಮಕ್ಕಳನ್ನು ಬಹಳ ಮಟ್ಟಿಗೆ ಕಾಯುತ್ತದೆ ನಿಜ, ಹಾಗಂತ ಬಿಸಿಜಿ ಆದ ಮಗುವಿಗೆ ಟಿಬಿ ಬರುವುದೇ ಇಲ್ಲ ಅಂತಲ್ಲ. ಮನೆಯಲ್ಲಿ ಅಜ್ಜನೋ ಚಿಕ್ಕಪ್ಪನೋ ತಿಂಗಳಿಂದ ಕೆಮ್ಮುತ್ತಿದ್ದರೆ ಮಗುವಿಗೆ ಅವರಿಂದಲೇ ಅಂಟಬಹುದು, ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಡ್ಡೆ ಕೊಯ್ದಾಗ ಕೀವನ್ನು ಚೆಲ್ಲದೆ, ಟಿಬಿ ರೋಗಾಣು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೆ ಕಳಿಸಿದರೆ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಔಷಧಿ ಸರ್ಕಾರದಿಂದ ಉಚಿತ, ಆಹಾರಕ್ಕೆಂದು ಕೊಡುವ ಹಣವನ್ನೂ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಮೂಳೆ ಟಿಬಿಗೆ ಮಾತ್ರ 12ರಿಂದ 18 ತಿಂಗಳು ಮಾತ್ರೆ ಬಿಡದೆ ನುಂಗಬೇಕು. ನೋವು ಹೋಯ್ತಲ್ಲ ಅಂತ ನಡುವೆ ನಿಲ್ಲಿಸಿಬಿಡುವವರೇ ಜಾಸ್ತಿ ಅನ್ನಿಸುತ್ತದೆ ನನಗೆ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು ಅಂತ ನಿಯಮವೇ ಇದೆ. ತೂಕ ನೋಡಿ ಹೋಗುವ ಬದಲು ಮಗುವನ್ನು ನಾಲ್ಕು ಹೆಜ್ಜೆ ನಡೆಸಿ, ಬಗ್ಗಿಸಿ, ಕತ್ತು ಮುಟ್ಟಿ ನೋಡಲಿ. ಮುಂದಿನ ಮಾರ್ಚ್ 24ಕ್ಕೆ ನೀವೂ ಕೆಮ್ಮಿನ ಜೊತೆಗೆ ಕುಂಟು, ಬೆನ್ನುನೋವು, ಮಾಯದ ಹುಣ್ಣು ಅಂತ ಮೂರು ಪದ ಸೇರಿಸಿ.

– ಒಬ್ಬ ಓದುಗ, ಹಾವೇರಿ