ಕೇಳದೆ ಫಾರ್ಮ್ಯಾಟ್ ಮಾಡಿದ್ದಕ್ಕೆ ಒಂದು ದೂರು

ಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ಸರ್ವಿಸ್ ಸೆಂಟರ್,
ಚಿಕ್ಕಮಗಳೂರು.

ವಿಷಯ: ಲಾಗಿನ್ ಆಗದ ಕಂಪ್ಯೂಟರನ್ನು ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಿ, ಏಳು ವರ್ಷದ ತೋಟದ ಲೆಕ್ಕ ಅಳಿಸಿದ್ದು.

ಮಾನ್ಯರೇ,

ನಾನು ಆಲ್ದೂರು ಕಡೆಯ ಸಣ್ಣ ಕಾಫಿ ಬೆಳೆಗಾರ. ಫೆಬ್ರವರಿಯಲ್ಲಿ ರೊಬಸ್ಟಾ ಕುಯ್ಲು ನಡೆಯುತ್ತಿತ್ತು. ಒಂದು ಸಂಜೆ ಬಟವಾಡೆ ಲೆಕ್ಕ ಹಾಕುತ್ತಾ ಕೂತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಕೈಕೊಟ್ಟು ಎಷ್ಟೋ ದಿನವಾಗಿತ್ತು, ಅದು ನನ್ನ ತಪ್ಪೇ. ಕರೆಂಟ್ ಬಂದ ಮೇಲೆ ಪಾಸ್‌ವರ್ಡ್ ಹಾಕಿದರೆ ‘ಯೂಸರ್ ಪ್ರೊಫೈಲ್ ಕೆನಾಟ್ ಬಿ ಲೋಡೆಡ್’, ಅಂದರೆ ನನ್ನ ಹೆಸರಿನ ಫೈಲು, ಸೆಟ್ಟಿಂಗುಗಳ ಕಟ್ಟು ತೆರೆಯಲಾಗುತ್ತಿಲ್ಲ ಎಂದು ತೋರಿಸಿ ಮತ್ತೆ ಅದೇ ಪರದೆಗೆ ಬಂದು ನಿಲ್ಲುತ್ತಿತ್ತು.

ಮಾರನೇ ದಿನ ನಿಮ್ಮಲ್ಲಿಗೆ ತಂದೆ. ಕೌಂಟರಿನಲ್ಲಿದ್ದ ಹುಡುಗ ಆನ್ ಮಾಡಿ ನೋಡಿ, ‘ವಿಂಡೋಸ್ 10 ಅಲ್ವಾ ಸಾರ್, 2025ರ ಅಕ್ಟೋಬರ್ 14ಕ್ಕೇ ಅದರ ಸಪೋರ್ಟ್ ಮುಗೀತು, ಅದಕ್ಕೇ ಹೀಗೆ’ ಎಂದ. ಸಪೋರ್ಟ್ ಮುಗಿದರೆ ಹೊಸ ಅಪ್‌ಡೇಟ್ ಬರುವುದಿಲ್ಲ ಅಷ್ಟೇ, ಮನೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಇದು ಆಗ ನನಗೆ ಗೊತ್ತಿರಲಿಲ್ಲ. ‘ಒಳಗೆ ಲೆಕ್ಕ ಇದೆಯಪ್ಪಾ, ಅದು ಮುಖ್ಯ’ ಎಂದು ಎರಡು ಸಲ ಹೇಳಿದೆ. ಅವನು ಚೀಟಿಯಲ್ಲಿ ಬರೆದದ್ದು ‘ಲಾಗಿನ್ ಪ್ರಾಬ್ಲಂ’ ಅಂತ ಮಾತ್ರ.

ಮೂರು ದಿನದ ಮೇಲೆ ರೆಡಿ ಇದೆ ಎಂದು ಫೋನ್ ಬಂತು. 2,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 2,360 ಕೊಟ್ಟು ತಂದೆ. ಮನೆಯಲ್ಲಿ ಆನ್ ಮಾಡಿದರೆ ಡೆಸ್ಕ್‌ಟಾಪ್ ಬೋಳು. ಆಳುಗಳ ಕುಯ್ಲಿನ ತೂಕ, ಕೊಟ್ಟ ಮುಂಗಡ, ಗೊಬ್ಬರದ ಖರ್ಚು ಯಾವುದೂ ಇಲ್ಲ. ಮಳೆ ಲೆಕ್ಕವೂ ಇಲ್ಲ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾದೆವು ಎಂದು ನೋಡಿಯೇ ಸ್ಪ್ರಿಂಕ್ಲರ್ ಹಾಕುವುದೋ ಬೇಡವೋ ಎಂದು ತೀರ್ಮಾನಿಸುವುದು. ನಮ್ಮ ತಂದೆ ಬರೆದಿಟ್ಟ ಪುಸ್ತಕಗಳು ಈಗಲೂ ಬೀರುವಿನಲ್ಲಿವೆ. ಕಂಪ್ಯೂಟರಿನಲ್ಲಿ ಬರೆಯುತ್ತೇನೆಂದು ಹೊರಟವನು ನಾನು.

ಫೋನ್ ಮಾಡಿದಾಗ ನಿಮ್ಮವರು ‘ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇರಲಿಲ್ಲ’ ಎಂದರು. ನಾನೂ ನಂಬಿ ಸುಮ್ಮನಾದೆ.

ಮೇ ತಿಂಗಳಲ್ಲಿ ಸಿಡಿಲು ಮಳೆಗೆ ಕರೆಂಟ್ ಹೋಗಿ ಬಂದಾಗ ಮತ್ತೆ ಅದೇ ಸಾಲು ಕಾಣಿಸಿತು. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗಳು ಅವತ್ತು ನಮ್ಮ ಮನೆಯಲ್ಲೇ ಇದ್ದಳು. ‘ಮಾವ, ನಿಮ್ಮ ಪ್ರೊಫೈಲ್ ಕೆಟ್ಟಿದೆ ಅಷ್ಟೇ, ಫೈಲ್ ಎಲ್ಲೂ ಹೋಗಿರಲ್ಲ’ ಎಂದಳು. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಮಾಡಿ ಸೇಫ್ ಮೋಡಿಗೆ, ಅಂದರೆ ಅಗತ್ಯದಷ್ಟೇ ಚಾಲೂ ಆಗುವ ರಿಪೇರಿ ಸ್ಥಿತಿಗೆ ಹೋದಳು. ಅಲ್ಲಿ ಲಾಗಿನ್ ಆಯಿತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರೆಜಿಸ್ಟ್ರಿಯಲ್ಲಿ ಪ್ರೊಫೈಲ್ ಲಿಸ್ಟ್ ತೆರೆದರೆ, ಎಸ್-1-5-21 ಎಂದು ಶುರುವಾಗುವ ನನ್ನ ಖಾತೆಯ ಒಂದೇ ಉದ್ದ ನಂಬರ್ ಎರಡು ಸಲ ಇತ್ತು. ಒಂದರ ಬಾಲದಲ್ಲಿ ‘ಡಾಟ್ ಬ್ಯಾಕ್’. ನನ್ನ ನಿಜವಾದ ಫೋಲ್ಡರಿನ ವಿಳಾಸ ಅದರೊಳಗಿತ್ತು. ಮೊದಲು ರೆಜಿಸ್ಟ್ರಿಯ ಪ್ರತಿ ತೆಗೆದಿಟ್ಟು, ಬಾಲವಿಲ್ಲದ್ದಕ್ಕೆ ಬೇರೆ ಹೆಸರು ಕೊಟ್ಟು, ಇನ್ನೊಂದರ ಬಾಲ ಕತ್ತರಿಸಿ, ಸ್ಟೇಟ್ ಮತ್ತು ರೆಫ್‌ಕೌಂಟ್ ಎಂಬೆರಡು ಜಾಗದಲ್ಲಿ ಸೊನ್ನೆ ಹಾಕಿದಳು. ರೀಸ್ಟಾರ್ಟ್ ಮಾಡಿದರೆ, ನೀವು ಫಾರ್ಮ್ಯಾಟ್ ಮಾಡಿದ ಮೇಲೆ ನಾನು ಬರೆದದ್ದೆಲ್ಲ ಇದ್ದ ಹಾಗೇ ಇತ್ತು! ನಾನು ತಂದುಕೊಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು.

ಇದೂ ಆಗದಿದ್ದರೆ ಹೊಸ ಯೂಸರ್ ಮಾಡಿ, ಹಳೇ ಫೋಲ್ಡರಿನಿಂದ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ನಕಲು ಮಾಡಿಕೊಂಡರಾಯಿತಂತೆ. ಅದೂ ಬೇಡ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ತೆಗೆದಿಟ್ಟು ಆಮೇಲೆ ಫಾರ್ಮ್ಯಾಟ್ ಮಾಡಬಹುದಿತ್ತಲ್ವಾ? ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಈಗ ನನ್ನ 2,360 ರೂಪಾಯಿ ವಾಪಸ್ ಕೊಡಿ. ಅಳಿದ ಫೈಲ್‌ಗಳನ್ನು ನಿಮ್ಮ ಖರ್ಚಿನಲ್ಲಿ ಹುಡುಕಿಸಿ. ಡಿಸ್ಕ್ ಮೇಲೆ ಹೊಸದು ಬರೆದಷ್ಟೂ ಹಳೆಯದು ಸಿಗುವುದು ಕಷ್ಟ ಎಂದು ಆವತ್ತೇ ಹೇಳಿದ್ದರೆ ಮೂರು ತಿಂಗಳು ಅದನ್ನು ಬಳಸುತ್ತಿರಲಿಲ್ಲ. ಪೂರ್ತಿ ಸಿಗದಿದ್ದರೂ ಮಳೆ ಲೆಕ್ಕವಾದರೂ ಸಿಗಲಿ. ಜೊತೆಗೆ, ಫಾರ್ಮ್ಯಾಟ್ ಮಾಡುವ ಮುಂಚೆ ಗಿರಾಕಿಯ ಸಹಿ ಪಡೆಯುವ ಒಂದು ಸಾಲು ನಿಮ್ಮ ಚೀಟಿಯಲ್ಲಿ ಸೇರಿಸಿ.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ರಸೀದಿ ಮತ್ತು ಚೀಟಿಯ ನಕಲು ಇದರ ಜೊತೆಗಿವೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ, ಬೇರೆ ಅಂಗಡಿಯಲ್ಲಿ.

ಇಂತಿ,
ನಿಮ್ಮ ಗಿರಾಕಿ