ಬೋರ್ ಮಾಡಿಸಿದ ದೋಣಿ ಇಂಜಿನ್‌ಗೆ ಮೊದಲ 10 ಗಂಟೆ ಯಾವ ಆಯಿಲ್?

ಸಂಪಾದಕರಿಗೆ ನಮಸ್ಕಾರ,

ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟ್‌ನವ್ರಿಗೆ ರಜೆ, ಆ 2 ತಿಂಗಳು ಕಡಲಿಗೆ ಇಳಿಯೋದು 10 ಎಚ್‌ಪಿ ಒಳಗಿನ ಇಂಜಿನ್ ಇರೋ ನಾಡದೋಣಿಯವ್ರು ಅನ್ನೋದು ನಮ್ಮ ಕರಾವಳಿಯಲ್ಲಿ ಎಲ್ರಿಗೂ ಗೊತ್ತು. ಹಾಗಾಗಿ ಮೇ ಬಂತು ಅಂದ್ರೆ ಗಂಗೊಳ್ಳಿ, ಕೊಡೇರಿ, ಉಪ್ಪುಂದ ಕಡೆ ಯಾವ ಮೆಕ್ಯಾನಿಕ್ ಹತ್ರ ಹೋದ್ರೂ ದೋಣಿ ಹಿಂದೆ ಕಟ್ಟೋ ಔಟ್‌ಬೋರ್ಡ್ ಇಂಜಿನ್ ಬಿಚ್ಚಿ ಹಾಕಿರ್ತಾರೆ, ಸವೆದ ಸಿಲಿಂಡರ್ ಒಳಗೋಡೆ ಕೊರೆಸಿ ಬೋರ್ ಮಾಡ್ಸೋರು, ಪಿಸ್ಟನ್ ರಿಂಗ್ ಹಾಕ್ಸೋರು. ಸಾಲ ಮಾಡಿ ಇಂಜಿನ್ ಕಟ್ಟಿಸ್ತೀವಿ, ಆದ್ರೆ ಕಟ್ಟಿಸಿದ ಇಂಜಿನ್‌ಗೆ ಮೊದಲ ದಿನ ಯಾವ ಆಯಿಲ್ ಹಾಕ್ಬೇಕು, ಎಷ್ಟು ಹಾಕ್ಬೇಕು ಅಂತ ಯಾರೂ ಸರಿಯಾಗಿ ಹೇಳಲ್ಲ. ಈ ಒಂದು ವಿಷಯಕ್ಕೆ ಈ ಪತ್ರ, ದಯವಿಟ್ಟು ಜೂನ್‌ಗೆ ಮುಂಚೆ ಹಾಕಿ.

ಹೋದ ವರ್ಷ ನಮ್ದೇ ಆಗಿದ್ದು ಹೇಳ್ತೀನಿ. ಟೂ ಸ್ಟ್ರೋಕ್ 9.9 ಎಚ್‌ಪಿ ಇಂಜಿನ್, 2 ಸಿಲಿಂಡರ್, ಎರಡನ್ನೂ ಲೇತ್‌ನಲ್ಲಿ ಬೋರ್ ಮಾಡ್ಸಿ 0.25 ಎಂಎಂ ದಪ್ಪ ಜಾಸ್ತಿ ಇರೋ ಓವರ್‌ಸೈಜ್ ಪಿಸ್ಟನ್ ಹಾಕ್ಸಿದ್ವಿ. ಕಟ್ಟಿಕೊಟ್ಟವ್ರು ಪೆಟ್ರೋಲಿಗೆ ಬೆರೆಸೋ ಟೂ ಸ್ಟ್ರೋಕ್ ಆಯಿಲ್, ಅಂದ್ರೆ ಟೂಟಿ, ಯಾವುದಾದ್ರೂ ಹಾಕಿ ಸಾಕು, ಯಾವಾಗ್ಲೂ ಹಾಕೋ ಅಷ್ಟೇ ಹಾಕಿ ಅಂದ್ರು. ನಾವು ಅಂಗಡಿಯಲ್ಲಿ ಬೈಕಿಗೆ ಕೊಡೋ ಟೂಟಿ ತಗೊಂಡು ಲೀಟರಿಗೆ 20 ಎಂಎಲ್ ಹಾಕಿ ಹೊರಟ್ವಿ, ಅವತ್ತು ಹೊಳೆ ಕಡಲಿಗೆ ಸೇರೋ ಅಳಿವೆಯಲ್ಲಿ ತೆರೆ ಜೋರಿತ್ತು, ಅದನ್ನ ದಾಟೋಕೆ ಅಣ್ಣ ಫುಲ್ ರೇಸ್ ಕೊಟ್ಟಿದ್ದು ಹಾಗೇ ಬಿಡ್ಲೇ ಇಲ್ಲ, ಒಂದೂವರೆ ಗಂಟೆಯಲ್ಲಿ ಇಂಜಿನ್ ಕಟ್ ಅಂತ ನಿಂತು ಹಗ್ಗ ಎಳೆದ್ರೂ ತಿರುಗಲಿಲ್ಲ. ಇನ್ನೊಂದು ದೋಣಿಯವ್ರು ಕಟ್ಟಿ ಎಳ್ಕೊಂಡು ಬಂದ್ರು, ದೇವರು ದೊಡ್ಡವನು. ಬಿಚ್ಚಿ ನೋಡಿದ್ರೆ ಮೇಲಿನ ಪಿಸ್ಟನ್ ಮೈ ಪೂರ್ತಿ ಗೀಚಿ ಅಲ್ಯೂಮಿನಿಯಂ ಕರಗಿ ಬೋರಿಗೆ ಮೆತ್ತಿತ್ತು.

ಯಾಕೆ ಹೀಗಾಗುತ್ತೆ ಅಂತ ಆಮೇಲೆ ಕೂತು ತಿಳ್ಕೊಂಡೆ. ಬೋರ್ ಆದ್ಮೇಲೆ ಕಲ್ಲಿಂದ ಉಜ್ಜಿ ಹೋನಿಂಗ್ ಮಾಡ್ತಾರಲ್ಲ, ಸಿಲಿಂಡರ್ ಒಳಗೆ ಬಲೆ ಕಣ್ಣಿನ ಹಾಗೆ ಅಡ್ಡಡ್ಡ ಗೀಟು ಬೀಳುತ್ತೆ, ಆ ಗೀಟಿನ ತುದಿಗಳನ್ನ ಹೊಸ ರಿಂಗ್ ನಿಧಾನ ಸವೆಸಿ ತನ್ನ ಜಾಗ ಮಾಡ್ಕೋಬೇಕು, ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ಮೊದಲ ಕೆಲವು ಗಂಟೆ ಈ ಉಜ್ಜಾಟ ಜಾಸ್ತಿ ಇರೋದ್ರಿಂದ ಬಿಸಿಯೂ ಜಾಸ್ತಿ, ಪಿಸ್ಟನ್ ಅಲ್ಯೂಮಿನಿಯಂ, ಅದು ಕಬ್ಬಿಣದ ಬೋರಿಗಿಂತ ಬೇಗ ಹಿಗ್ಗುತ್ತೆ, ಆಯಿಲ್ ಕಮ್ಮಿ ಇದ್ದು ಮೇಲಿಂದ ಫುಲ್ ರೇಸೂ ಸೇರಿದ್ರೆ ಹಿಡ್ಕೊಳ್ಳದೆ ಇನ್ನೇನು. ನಮ್ದು ಸೀಜ್ ಆಗಿದ್ದಕ್ಕೆ ಬೈಕ್ ಆಯಿಲ್ ಒಂದೇ ಕಾರಣ ಅಂತ ನಾನು ಹೇಳಲ್ಲ, ಅಳತೆಯೂ ತಪ್ಪು, ಓಡಿಸಿದ್ದೂ ತಪ್ಪು.

ಆದ್ರೆ ಬೈಕ್ ಆಯಿಲ್ ತಪ್ಪೇ ತಪ್ಪು, ಅದರ ಕಾರಣ ಬೇರೆ. ಬೈಕ್ ಸ್ಕೂಟರ್ ಇಂಜಿನ್ ಗಾಳಿಗೆ ತಣ್ಣಗಾಗೋದು, ಒಳಗೆ ತುಂಬಾ ಬಿಸಿ ಇರುತ್ತೆ, ಅದಕ್ಕೆ ತಕ್ಕಂತೆ ಆ ಆಯಿಲಿಗೆ ಲೋಹದ ಅಂಶ ಇರೋ ಕೆಮಿಕಲ್ ಸೇರಿಸ್ತಾರೆ. ನಮ್ಮ ಇಂಜಿನ್ ಕಡಲ ನೀರನ್ನೇ ಎಳ್ಕೊಂಡು ತಣ್ಣಗೆ ಓಡುತ್ತೆ, ಇಲ್ಲಿ ಆ ಅಂಶ ಬೂದಿಯಾಗಿ ಪಿಸ್ಟನ್ ತಲೆ ಮೇಲೆ, ಪ್ಲಗ್ ಮೇಲೆ ಕೂತ್ಕೊಳ್ಳುತ್ತೆ, ರಿಂಗ್ ಕಚ್ಚಿಕೊಳ್ಳುತ್ತೆ. ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರೋದು ನೀರಿನಿಂದ ತಣ್ಣಗಾಗೋ ಟೂ ಸ್ಟ್ರೋಕ್ ಇಂಜಿನ್‌ಗೆ ಅಂತ್ಲೇ ಮಾಡಿದ್ದು, ಬೂದಿ ಆಗಲ್ಲ, ತುಕ್ಕು ಹಿಡಿಯದ ಹಾಗೂ ನೋಡ್ಕೊಳ್ಳುತ್ತೆ, ಉಪ್ಪು ನೀರಲ್ಲಿ ಬದುಕೋ ನಮ್ಗೆ ಅದೇನು ಸಣ್ಣ ವಿಷಯ ಅಲ್ಲ. ಯಾವ ಕಂಪನಿ ಅನ್ನೋದು ಆಮೇಲೆ, ಮೊದಲು ಈ ಅಕ್ಷರ ನೋಡಿ ತಗೊಳ್ಳಿ.

ಇದಕ್ಕೆ ಉಲ್ಟಾ ತಪ್ಪು ನಮ್ಮ ಭಾವ ಮಾಡಿದ್ರು. ನಮ್ಮ ಗತಿ ನೋಡಿ ಹೆದರಿ ಹೊಸದಾಗಿ ಕಟ್ಟಿಸಿದ ಇಂಜಿನ್‌ಗೆ ಅಂಗಡಿಯಲ್ಲಿ ಇದ್ದಿದ್ದರಲ್ಲೇ ದುಬಾರಿ ಫುಲ್ ಸಿಂಥೆಟಿಕ್ ತಂದು ಹಾಕಿ, 10 ಗಂಟೆಯೂ ಹೊಳೆಯಲ್ಲೇ ಮೆಲ್ಲಗೆ ಓಡಿಸಿದ್ರು. ಸೀಜ್ ಆಗಲಿಲ್ಲ, ಆದ್ರೆ ಸೀಸನ್ ಪೂರ್ತಿ ಪ್ಲಗ್ ಒದ್ದೆ, ಹೊಗೆ, ಬಲೆ ಎಳೆಯೋವಾಗ ಪಿಕಪ್ಪೇ ಇಲ್ಲ. ತುಂಬಾ ಜಾರೋ ಆಯಿಲ್ ಹಾಕಿ ಲೋಡೂ ಕೊಡದೆ ಓಡಿಸಿದ್ರೆ ರಿಂಗ್ ಕೂರೋಕೆ ಬೇಕಾದ ಉಜ್ಜಾಟನೇ ಸಿಗಲ್ಲ, ಬೋರ್ ಗಾಜಿನ ಹಾಗೆ ನುಣುಪಾಗಿ ಬಿಡುತ್ತೆ, ಆಮೇಲೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ಏರೋದೇ ಇಲ್ಲ, ಮತ್ತೆ ಬಿಚ್ಚಿ ಹೋನ್ ಮಾಡಿ ರಿಂಗ್ ಹಾಕ್ಬೇಕು. ಅದಕ್ಕೇ ಮೊದಲ 10 ಗಂಟೆಗೆ ಸಾಧಾರಣ ಮಿನರಲ್ ಟಿಸಿ-ಡಬ್ಲ್ಯು3 ಸಾಕು, ಸಿಂಥೆಟಿಕ್ ಬೇಕು ಅನ್ನೋರು ಆಮೇಲೆ ಹಾಕ್ಲಿ. ಇಂಜಿನ್ ಪುಸ್ತಕದಲ್ಲಿ ಬೇರೆ ಹೇಳಿದ್ರೆ ಪುಸ್ತಕದ್ದೇ ಕೇಳಿ.

ಅಳತೆ ಹೇಳ್ತೀನಿ. ಮಾಮೂಲಿ 50ಕ್ಕೆ 1 ಅನ್ನೋ ಇಂಜಿನ್‌ಗೆ ಮೊದಲ 10 ಗಂಟೆ 25ಕ್ಕೆ 1, ಅಂದ್ರೆ 10 ಲೀಟರ್ ಪೆಟ್ರೋಲಿಗೆ 200 ಎಂಎಲ್ ಬದಲು 400 ಎಂಎಲ್. ಜಾಸ್ತಿ ಹಾಕಿದ್ರೆ ಇನ್ನೂ ಒಳ್ಳೇದು ಅಂತ 800 ಹಾಕೋರನ್ನೂ ನೋಡಿದೀನಿ, ಬೇಡ, ಆಯಿಲ್ ಹೆಚ್ಚಾದಷ್ಟು ಕಾರ್ಬೊರೇಟರಿಂದ ಹೋಗೋ ಪೆಟ್ರೋಲ್ ಕಮ್ಮಿ ಆಗುತ್ತೆ, ಪ್ಲಗ್ಗೂ ಕೆಡುತ್ತೆ. ಬೇರೆ ಕ್ಯಾನಲ್ಲಿ ಸ್ವಲ್ಪ ಪೆಟ್ರೋಲಿಗೆ ಆಯಿಲ್ ಹಾಕಿ ಚೆನ್ನಾಗಿ ಅಲ್ಲಾಡಿಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ, ನೇರ ಸುರಿದ್ರೆ ಅಡಿಯಲ್ಲಿ ಕೂರುತ್ತೆ.

ಇನ್ನು ಸೀಮೆಎಣ್ಣೆ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸೋದು ನಮ್ಮ ಅಭ್ಯಾಸ, ಪೆಟ್ರೋಲ್ 100 ರೂಪಾಯಿ ದಾಟಿರೋವಾಗ ಬೇರೆ ದಾರಿನೂ ಇಲ್ಲ. ಆದ್ರೂ ಕಟ್ಟಿಸಿದ ಇಂಜಿನ್‌ಗೆ ಮೊದಲ 10 ಗಂಟೆ ಬರೀ ಪೆಟ್ರೋಲ್ ಅಂತ ನನ್ನ ಒತ್ತಾಯ, ಸೀಮೆಎಣ್ಣೆ ಪೂರ್ತಿ ಆವಿಯಾಗದೆ ಬೋರ್ ಮೇಲಿನ ಆಯಿಲ್ ಪದರವನ್ನೇ ತೊಳೆದು ಬಿಡುತ್ತೆ, ಹೊಸ ರಿಂಗಿಗೆ ಬೇಕಾಗಿರೋದೇ ಆ ಪದರ. ಈ ವರ್ಷ ನಾವು ಹಾಗೇ ಮಾಡಿದ್ವಿ, 25 ಲೀಟರ್ ಪೆಟ್ರೋಲ್ ಹೋಯ್ತು, ಆಯಿಲ್ ಮಾಮೂಲಿಗಿಂತ ಅರ್ಧ ಲೀಟರ್ ಜಾಸ್ತಿ. ಸೀಜ್ ಆದಾಗ ಮತ್ತೆ ಕಟ್ಟಿಸೋಕೆ ಹೋಗಿದ್ದು ಇದರ ಎಷ್ಟೋ ಪಟ್ಟು, ಕಡಲಿಗೆ ಹೋಗದೆ ಕೂತ 12 ದಿನದ ಲೆಕ್ಕ ಬೇರೆ, ಅದೂ ಕಡಲು ಕದಡೋ ತೂಫಾನ್ ಎದ್ದು ಸಿಗಡಿ ಸಿಕ್ತಿದ್ದ ದಿನಗಳು.

ಓಡಿಸೋದು ಹೀಗೆ, ಮೊದಲ 10 ನಿಮಿಷ ಐಡಲ್, ಇಂಜಿನ್ ತಣ್ಣಗೆ ಮಾಡೋ ನೀರು ಸರಿಯಾಗಿ ಹೊರಗೆ ಬೀಳ್ತಿದ್ಯಾ ನೋಡ್ತಾ ಇರಿ, ಆಮೇಲೆ 1 ಗಂಟೆ ತನಕ ಅರ್ಧ ರೇಸ್ ದಾಟಬೇಡಿ, ಎರಡನೇ ಗಂಟೆ ಮುಕ್ಕಾಲು, ಅಲ್ಲಿಂದ 10 ಗಂಟೆ ತನಕ ಫುಲ್ ಕೊಟ್ರೂ 5 ನಿಮಿಷಕ್ಕಿಂತ ಜಾಸ್ತಿ ಬೇಡ. ಒಂದೇ ರೇಸಲ್ಲಿ ಇಡಬೇಡಿ, ಏರಿಸ್ತಾ ಇಳಿಸ್ತಾ ಇರಿ. ಅಳಿವೆ ದಾಟಬೇಕಾದ ದೋಣಿಗೆ ಇದು ಕಷ್ಟ, ಹಾಗಾಗಿ ಮೊದಲ 2-3 ಗಂಟೆ ಹೊಳೆಯಲ್ಲೇ ಮುಗಿಸಿ, ಆದ್ರೆ ಭಾವನ ಹಾಗೆ 10 ಗಂಟೆಯೂ ಅಲ್ಲೇ ಬೇಡ.

ಫೋರ್ ಸ್ಟ್ರೋಕ್ ಇಂಜಿನ್ ಇದ್ದವ್ರಿಗೆ, ಮಲ್ಪೆ ಕಡೆ ಫೋರ್ ಸ್ಟ್ರೋಕ್ ವಾಟರ್ ಸ್ಕೂಟರ್ ಇಟ್ಕೊಂಡವ್ರಿಗೂ, ಪೆಟ್ರೋಲಿಗೆ ಬೆರೆಸೋ ಮಾತಿಲ್ಲ. ಎಫ್‌ಸಿ-ಡಬ್ಲ್ಯು ಗುರುತಿರೋ ಮರೀನ್ ಆಯಿಲ್, ಪುಸ್ತಕ ಹೇಳಿದ ಗ್ರೇಡ್ ಹಾಕಿ, ಮೈಲೇಜಿಗೆ ಅಂತ ಬರೋ ತೆಳ್ಳಗಿನ ಕಾರ್ ಆಯಿಲ್ ಬೇಡ. 10ರಿಂದ 20 ಗಂಟೆ ಒಳಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಸವೆದ ಲೋಹದ ಪುಡಿ ಎಲ್ಲ ಅದರಲ್ಲೇ ಇರುತ್ತೆ.

ಇಂಜಿನ್ ಕಟ್ಟೋ ಅಣ್ಣಂದಿರಲ್ಲಿ ಕೈ ಮುಗಿದು ಕೇಳ್ತೀನಿ, ಬಿಲ್ ಹಿಂದೆ 3 ಸಾಲು ಕನ್ನಡದಲ್ಲಿ ಬರೆದು ಕೊಡಿ, ಯಾವ ಆಯಿಲ್, ಲೀಟರಿಗೆ ಎಷ್ಟು, ಎಷ್ಟು ಗಂಟೆ. ಆಯಿಲ್ ಡಬ್ಬಿ ಮೇಲೆ ಇರೋದೆಲ್ಲ ಇಂಗ್ಲಿಷು, ನಮ್ಮಲ್ಲಿ ಎಷ್ಟೋ ಜನ ಅದನ್ನ ಓದೋರಲ್ಲ. ಮೀನುಗಾರಿಕೆ ಇಲಾಖೆಯವ್ರು ಮಳೆಗಾಲಕ್ಕೆ ಮುಂಚೆ ಪ್ರತಿ ಬಂದರಲ್ಲೂ ಇದೇ ಮಾತಿನ ಒಂದು ಬೋರ್ಡ್ ಹಾಕ್ಸಿದ್ರೆ ಬಣ್ಣ ಬಳಿಯೋಕೆ ನಾವೇ ಹುಡುಗರು ಬರ್ತೀವಿ.

— ಒಬ್ಬ ನಾಡದೋಣಿ ಮೀನುಗಾರ, ಗಂಗೊಳ್ಳಿ