ಮಾತಿಲ್ಲದ ಯುದ್ಧ

ವೆಲ್ಲಿಂಗ್ಟನ್, ನ್ಯೂಜಿಲೆಂಡ್
ಡಿಸೆಂಬರ್ 2014

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಶಿರಸಿ ಕಡೆ ಎಲ್ಲ ಅಡಿಕೆ ತೋಟಗಳಲ್ಲೂ ಒಟ್ಟಿಗೇ ಕೊಯ್ಲು ಶುರುವಾಗಿ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟವಾಗಿದೆ ಎಂದು ಆಯಿ ಫೋನಿನಲ್ಲಿ ಹೇಳಿದಳು. ಇಲ್ಲಿ ಈಗ ಬೇಸಿಗೆ. ರಾತ್ರಿ ಎಂಟೂವರೆಯಾದರೂ ಬೆಳಕು ಆರುವುದಿಲ್ಲ.

ನಾನು ಕಾದು ಕುಳಿತಿದ್ದ ಹಾಬಿಟ್ ಸಿನಿಮಾದ ಕೊನೆಯ ಭಾಗ ಹೇಗಿತ್ತು ಎಂದು ಕೇಳಿದ್ದಿರಿ. ನೋಡಿದೆ, ಬೇಸರವಾಯಿತು. ಫೋನಿನಲ್ಲಿ ಹೇಳಿದರೆ ತೀರುವ ಬೇಸರವಲ್ಲ, ಅದಕ್ಕೇ ಈ ಪತ್ರ.

ಮೂಲ ಪುಸ್ತಕ 1937ರದು, ಮಕ್ಕಳಿಗೆಂದು ಬರೆದದ್ದು, ಮುನ್ನೂರು ಪುಟದ ಆಸುಪಾಸು. ಎರಡು ಸಿನಿಮಾ ಮಾಡುತ್ತೇವೆ ಎಂದಿದ್ದರು. ಮುಖ್ಯ ಚಿತ್ರೀಕರಣ ಮುಗಿದ ಮೇಲೆ, 2012ರ ಜುಲೈಯಲ್ಲಿ, ನಿರ್ದೇಶಕ ಪೀಟರ್ ಜಾಕ್ಸನ್ ಮೂರು ಎಂದರು. ಕೆಟ್ಟದ್ದು ಅಲ್ಲೇ ಎಂದು ನನಗನಿಸುತ್ತದೆ. ಹೋದ ವರ್ಷದ ಭಾಗ, ಡ್ರ್ಯಾಗನ್ ಊರು ಸುಡಲು ಹಾರಿತು ಎಂಬಲ್ಲಿಗೆ ನಿಂತಿತ್ತು. ಈ ಸಲ ಸಿನಿಮಾದ ಹೆಸರು ತೆರೆಗೆ ಬರುವ ಮೊದಲೇ ಅದು ಸತ್ತು ಬಿತ್ತು! 144 ನಿಮಿಷದ ಸಿನಿಮಾ. ಉಳಿದ ಹೊತ್ತು ಏನು ಮಾಡುವುದು? ಬಡಿದಾಟ. ಪುಸ್ತಕದಲ್ಲಿ ಆ ಯುದ್ಧಕ್ಕೆ ಸಿಕ್ಕಿದ್ದು ಒಂದೇ ಅಧ್ಯಾಯ. ನಮ್ಮ ಪುಟ್ಟ ನಾಯಕ ಬಿಲ್ಬೊ ತಲೆಗೆ ಕಲ್ಲು ಬಡಿದು ಅರ್ಧಕ್ಕೇ ಎಚ್ಚರ ತಪ್ಪಿ ಬೀಳುತ್ತಾನೆ.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಈ ಕತೆಯಲ್ಲಿ ಥೋರಿನ್ ಎಂಬ ಕುಬ್ಜರ ರಾಜನಿದ್ದಾನೆ. ಬಂಗಾರದ ಹುಚ್ಚು ಹಿಡಿದು ಬೆಟ್ಟದೊಳಗೆ ಬಾಗಿಲು ಮುಚ್ಚಿ ಕುಳಿತಿರುತ್ತಾನೆ, ಹೊರಗೆ ಅವನ ಬಂಧುಗಳೇ ಸಾಯುತ್ತಿರುತ್ತಾರೆ. ಗದಾಯುದ್ಧದ ಕೌರವನೇ ಅಲ್ಲವೇ! ನಮ್ಮ ಯಕ್ಷಗಾನದಲ್ಲಾದರೆ ಅವನು ಸರೋವರದಿಂದ ಎದ್ದು ಬರುವ ಮೊದಲು ಎಷ್ಟು ಪದ್ಯ, ಎಷ್ಟು ಅರ್ಥಗಾರಿಕೆ! ಭೀಮನ ಒಂದೊಂದು ಮೂದಲಿಕೆಗೂ ಒಳಗೆ ಏನಾಯಿತು ಎಂಬುದು ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಇಲ್ಲಿ ಥೋರಿನ್ ಬಂಗಾರದ ನೆಲದ ಮೇಲೆ ಓಡಾಡುತ್ತಾನೆ, ಕಿವಿಯಲ್ಲಿ ಯಾರೋ ಮಾತಾಡಿದಂತಾಗುತ್ತದೆ, ನೆಲದೊಳಗೆ ಮುಳುಗಿದ ಹಾಗೆ ಭ್ರಮೆಯಾಗುತ್ತದೆ, ಹುಚ್ಚು ಬಿಟ್ಟಿತು. ಕೆಲವೇ ನಿಮಿಷ. ನಟ ಕಡಿಮೆಯವನಲ್ಲ, ಅವನಿಗೆ ಮಾತೇ ಕೊಡಲಿಲ್ಲ. ಆಮೇಲಿನ ಕತ್ತಿವರಸೆಗೆ ಮಾತ್ರ ಹೊತ್ತಿನ ಲೆಕ್ಕವಿಲ್ಲ.

ಇನ್ನೂ ಸಿಟ್ಟು ಬಂದದ್ದು ಕೊನೆಯಲ್ಲಿ. ರಾಜ ಸತ್ತ, ಅವನ ಅಂತ್ಯಸಂಸ್ಕಾರವನ್ನೇ ತೋರಿಸಲಿಲ್ಲ. ಯಾವ ರತ್ನಕ್ಕಾಗಿ ಇಷ್ಟೆಲ್ಲ ಜಗಳವಾಯಿತೋ ಅದನ್ನೇ ಪುಸ್ತಕದಲ್ಲಿ ಅವನ ಎದೆಯ ಮೇಲಿಟ್ಟು ಬೆಟ್ಟದ ಬುಡದಲ್ಲಿ ಹೂಳುತ್ತಾರೆ. ಸಿನಿಮಾದಲ್ಲಿ ಆ ರತ್ನ ಏನಾಯಿತೆಂದು ಕೇಳುವವರೇ ಇಲ್ಲ. ಇದಕ್ಕೆ ಹೊತ್ತಿಲ್ಲದವರಿಗೆ ಆಲ್ಫ್ರಿಡ್ ಎಂಬ, ಪುಸ್ತಕದಲ್ಲೇ ಇಲ್ಲದ ದುರಾಸೆಯವನ ಹಾಸ್ಯಕ್ಕೆ ಬೇಕಾದಷ್ಟು ಹೊತ್ತಿತ್ತು. ಹೆಂಗಸಿನ ವೇಷ ಹಾಕಿ ಎದೆಗೆ ಬಂಗಾರ ತುಂಬಿಕೊಂಡು ಓಡುತ್ತಾನೆ, ನಗುವೂ ಬರುವುದಿಲ್ಲ. ಯುದ್ಧದ ಗತಿ ಬದಲಿಸುವ ಹದ್ದುಗಳು ಬಂದದ್ದೂ ಹೋದದ್ದೂ ತಿಳಿಯಲಿಲ್ಲ; ಇಲ್ಲಿನ ವಿಮಾನ ನಿಲ್ದಾಣದ ಚಾವಣಿಗೆ ತೂಗುಹಾಕಿದ, ಇದೇ ಸಿನಿಮಾದ ಹದ್ದುಗಳ ಪ್ರತಿಮೆಗಳನ್ನೇ ಹೆಚ್ಚು ಹೊತ್ತು ನೋಡಿದ್ದೇನೆ.

ಎಲ್ಲವನ್ನೂ ಬೈದರೆ ಅನ್ಯಾಯವಾದೀತು. ಬಿಲ್ಬೊ ಆಗಿರುವ ಮಾರ್ಟಿನ್ ಫ್ರೀಮನ್ ಸುಮ್ಮನೆ ಮುಖ ತಿರುಗಿಸಿದರೂ ಕಣ್ಣು ತುಂಬುತ್ತದೆ. ಮನೆಗೆ ಮರಳಿದರೆ, ಇವನು ಸತ್ತನೆಂದು ತಿಳಿದು ನೆರೆಹೊರೆಯವರು ಪಾತ್ರೆಪಗಡಿ ಹರಾಜು ಹಾಕುತ್ತಿರುತ್ತಾರೆ. ಪುಸ್ತಕದ ರುಚಿ ಸಿಕ್ಕಿದ್ದು ಆಗ ಮಾತ್ರ.

ತಮ್ಮ ಹುಬ್ಬಳ್ಳಿಗೆ ಹೋಗಿ ನೋಡುತ್ತೇನೆ ಎಂದರೆ ತಡೆಯಬೇಡಿ. ಪುಸ್ತಕ ಮೊದಲು ಓದಲಿ. ನನ್ನ ಪ್ರತಿ ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಗೆದ್ದಲು ಹಿಡಿದಿರದಿದ್ದರೆ.

ಅಡಿಕೆ ದರ ಎಲ್ಲಿಗೆ ಬಂತು, ಬರೆಯಿರಿ. ಆಯಿಗೆ ನಮಸ್ಕಾರ ತಿಳಿಸಿ.

ಇಂತು ನಿಮ್ಮ ಮಗ